ಮೊದಲ ಆಲ್ಬಂನ ಐದನೇ ಹಾಡು

ನಮ್ಮ ಮೊದಲ ಆಲ್ಬಂ ರೆಕಾರ್ಡ್ ಆದದ್ದು ಕದ್ರಿಯ ಒಂದು ಬಾಡಿಗೆ ಕೋಣೆಯಲ್ಲಿ. ಗೋಡೆಗೆ ಹಳೆಯ ಹಾಸಿಗೆಗಳನ್ನು ಒರಗಿಸಿ, ಫ್ಯಾನ್ ಆರಿಸಿ ಕೂತರೆ ಹತ್ತೇ ನಿಮಿಷಕ್ಕೆ ಅಂಗಿ ಒದ್ದೆ. ನಾವು ಮೂವರು. ಹಾಡು, ಗಿಟಾರ್, ಸಾಹಿತ್ಯ ನನ್ನದು. ಬೇಸ್ ಗಿಟಾರ್ ನನ್ನ ಸೋದರತ್ತೆಯ ಮಗನದು. ಡ್ರಮ್ಸ್ ಬಾರಿಸುತ್ತಿದ್ದವನು ನನ್ನ ಕಾಲೇಜಿನ ಗೆಳೆಯ. ಕೂಳೂರಿನಲ್ಲಿ ಅವನ ಮನೆಯವರ ಟೈಲ್ಸ್ ಅಂಗಡಿ ಇತ್ತು. ನಮ್ಮದು ಪಾಪ್ ಪಂಕ್. ಓಡುವ ಡ್ರಮ್ಸ್, ಯಾರು ಬೇಕಾದರೂ ಕೂಗಿ ಹಾಡಬಹುದಾದ ಪಲ್ಲವಿ.

ಗೆಳೆಯನ ಮನೆಯಲ್ಲಿ ನಾನು ಎಷ್ಟೋ ಸಲ ಉಂಡಿದ್ದೇನೆ. ಅವನ ತಾಯಿಯನ್ನು ಅವನಂತೆ ನಾನೂ ಉಮ್ಮ ಎಂದೇ ಕರೆಯುತ್ತಿದ್ದೆ. ಒಂದು ದಿನ ಊಟದ ನಡುವೆ ಮಾಳಿಗೆಯಲ್ಲಿ ಯಾರೋ ನಡೆದಾಡಿದ ಸದ್ದಾಯಿತು. ಹೊರಗೆ ಬಂದ ಮೇಲೆ ಅವನೇ ಹೇಳಿದ. ಮಸ್ಕತ್‌ಗೆ ಹೋಗಿದ್ದ ಅವನ ಅಣ್ಣ ವರ್ಷ ತುಂಬುವ ಮೊದಲೇ ವಾಪಸಾಗಿದ್ದ, ಕೋಣೆ ಬಿಟ್ಟು ಕೆಳಗೆ ಇಳಿಯುತ್ತಿರಲಿಲ್ಲ. ಮನೆಯವರು ನೆಂಟರಿಗೆಲ್ಲ ಅವನು ಇನ್ನೂ ಮಸ್ಕತ್‌ನಲ್ಲೇ ಇದ್ದಾನೆ ಎಂದು ಹೇಳಿದ್ದರು.

"ಯಾರಿಗೂ ಹೇಳ್ಬೇಡ ಮಾರಾಯ," ಎಂದ. ಇಲ್ಲ ಎಂದೆ.

ಹೇಳಲಿಲ್ಲ. ಹಾಡು ಬರೆದೆ.

ರೆಕಾರ್ಡಿಂಗ್‌ನಲ್ಲಿ ಡ್ರಮ್ಸ್ ಮೊದಲು, ದನಿ ಕೊನೆಗೆ. ಅಭ್ಯಾಸದಲ್ಲೂ ನಾನು ಲಾ ಲಾ ಎಂದೇ ಹಾಡುತ್ತಿದ್ದೆ. ಐದನೇ ಹಾಡನ್ನು ಅವನು ಒಂದೇ ಸಲಕ್ಕೆ ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಕೇಳಿದ: "ಇದಕ್ಕೆ ಮಾತು ಎಂತ?"

"ಇನ್ನೂ ಬರೀಲಿಲ್ಲ," ಎಂದೆ. ಬರೆದ ಕಾಗದ ನನ್ನ ಕಿಸೆಯಲ್ಲಿತ್ತು.

ಆಲ್ಬಂ ಇಂಟರ್ನೆಟ್‌ಗೆ ಹಾಕಿದ ದಿನವೇ ಮಧ್ಯಾಹ್ನ ಒಂದು ಕಾಲೇಜಿನಲ್ಲಿ ನಮ್ಮ ಕಾರ್ಯಕ್ರಮ. ಅವನು ಅಂಗಡಿಯಿಂದ ನೇರ ಬಂದಿದ್ದ, ಏನನ್ನೂ ಕೇಳಿರಲಿಲ್ಲ. ಅಣ್ಣ ಪರದೇಶದಲ್ಲಿಲ್ಲ, ಅಣ್ಣ ಮಾಳಿಗೆಯಲ್ಲಿದ್ದಾನೆ ಎಂಬ ಪಲ್ಲವಿಯನ್ನು ಅವನು ಮೊದಲ ಸಲ ಕೇಳಿದ್ದು ವೇದಿಕೆಯ ಮೇಲೆ. ಎರಡನೇ ಸಲ ಬರುವಾಗ ಹುಡುಗರೆಲ್ಲ ಕುಣಿಯುತ್ತ ಅದನ್ನೇ ಕೂಗುತ್ತಿದ್ದರು. ಅವನು ನಿಲ್ಲಿಸಲಿಲ್ಲ, ಕೊನೆಯವರೆಗೂ ಬಾರಿಸಿದ. ನಾನು ಹಿಂದೆ ತಿರುಗಿ ನೋಡಲಿಲ್ಲ.

"ಅದನ್ನು ತೆಗಿ," ಎಂದ, ಇಳಿದ ಮೇಲೆ.

"ಹೆಸರು ಇಲ್ಲ ಅಲ್ವಾ ಅದ್ರಲ್ಲಿ."

"ನಮ್ಮ ನೆಂಟರಿಗೆ ಹೆಸರು ಬೇಕಾ?"

ಅವನು ಮತ್ತೆ ಬರಲಿಲ್ಲ. ನಾನು ಹಾಡನ್ನು ತೆಗೆಯಲೂ ಇಲ್ಲ. ಜನ ಹೆಚ್ಚು ಕೇಳುತ್ತಿದ್ದುದು ಅದನ್ನೇ. ಅವನ ಮನೆಗೆ ನೆಂಟರು ಒಬ್ಬೊಬ್ಬರಾಗಿ ವಿಚಾರಿಸಲು ಬಂದರಂತೆ, ಉಮ್ಮ ಬಾಗಿಲು ತೆರೆಯುವುದನ್ನೇ ಬಿಟ್ಟರಂತೆ. ಇದೆಲ್ಲ ಅತ್ತೆಯ ಮಗನ ಬಾಯಿಂದ ತಿಳಿಯಿತು. ಅದೇ ಹಾಡು ಕೇಳಿ ಮುಂಬೈಯ ಸಂಗೀತ ಕಂಪನಿಯೊಂದು ನಮ್ಮನ್ನು ಕರೆಯಿತು. ಹೊಸ ಡ್ರಮ್ಮರ್ ಬಂದ. ಎರಡನೇ ಆಲ್ಬಂನಿಂದ ನಮಗೆ ಹೆಸರು ಬಂತು.

ಈ ವರ್ಷ ಕಂಪನಿಯವರು ಮೊದಲ ಆಲ್ಬಂ ಅನ್ನು ಮತ್ತೆ ಹೊರತರುತ್ತೇವೆ ಎಂದಾಗ ನಾನು ಕೂಳೂರಿನ ಅಂಗಡಿಗೆ ಹೋದೆ. ಗೆಳೆಯ ನನ್ನನ್ನು ಕಂಡವನೇ ಗೋಡೌನ್ ಒಳಗೆ ಹೋದ. ಮೇಜಿನ ಹಿಂದೆ ಕೂತಿದ್ದವರು ಎದ್ದು ನಿಂತರು. ಮುಖದ ಹೋಲಿಕೆಯಿಂದಲೇ ಅಣ್ಣ ಎಂದು ತಿಳಿಯಿತು.

"ಅವನಿಗೆ ಮಾತಾಡ್ಲಿಕ್ಕೆ ಮನಸ್ಸಿಲ್ಲ. ನೀವು ಬಂದದ್ದು ಎಂತಕ್ಕೆ?"

"ಆ ಹಾಡು ಇರ್ಬೇಕಾ ಬೇಡ್ವಾ ಅಂತ ಕೇಳ್ಲಿಕ್ಕೆ."

"ಆಗ ಕೇಳ್ಲಿಲ್ಲ ನೀವು."

ಅವರು ಮೇಜಿನ ಮೇಲಿನ ಧೂಳನ್ನು ಕೈಯಿಂದ ಸರಿಸಿದರು.

"ನಾನು ಅದನ್ನು ತುಂಬ ಸಲ ಕೇಳಿದ್ದೇನೆ. ತಮ್ಮ ಒಳ್ಳೆ ಬಾರಿಸಿದ್ದಾನೆ. ಆಮೇಲೆ ಅವ ಸ್ಟಿಕ್ ಮುಟ್ಟಲಿಲ್ಲ. ಅದು ನನ್ನಿಂದ ಆಯ್ತು ಅಂತ ನನ್ನ ತಲೆಯಲ್ಲಿ ಉಂಟು."

"ನಿಮ್ಮಿಂದ ಅಲ್ಲ," ಎಂದೆ. "ನನ್ನಿಂದ."

"ಹೌದು," ಎಂದರು. "ಉಮ್ಮ ಇನ್ನೂ ಇದ್ದಾರೆ. ತೆಗೀರಿ."

ಕಂಪನಿಯವರು ಒಪ್ಪಲು ತಿಂಗಳುಗಟ್ಟಲೆ ಎಳೆದರು. ಕೊನೆಗೆ ಎಂಟರ ಬದಲು ಏಳೇ ಹಾಡುಗಳೊಂದಿಗೆ ಆಲ್ಬಂ ಬಂತು. ಹಳೆಯ ಪ್ರತಿ ಇದ್ದವರು ಐದನೆಯದನ್ನು ಮತ್ತೆ ಮತ್ತೆ ಇಂಟರ್ನೆಟ್‌ಗೆ ಹಾಕುತ್ತಲೇ ಇದ್ದಾರೆ. ತೆಗೆಸುತ್ತೇನೆ, ಇನ್ನೊಂದು ಬರುತ್ತದೆ. ಗೆಳೆಯನಿಗೆ ಒಂದು ಮೆಸೇಜ್ ಕಳಿಸಿದೆ. ಓದಿದ್ದಾನೆ, ಉತ್ತರ ಬಂದಿಲ್ಲ.