ಹದಿನೇಳನೆಯ ಪೆಟ್ಟಿಗೆ

ನಮ್ಮ ಬೀದಿಯ ಕೊನೆಯ ಮನೆಯ ಗಂಗಯ್ಯನವರಿಗೆ ಅರವತ್ತೆರಡು ವರ್ಷ. ಅರಸೀಕೆರೆಯ ಮಂಡಿಯೊಂದರಲ್ಲಿ ಮೂವತ್ತು ವರ್ಷ ಕೊಬ್ಬರಿ ವಿಂಗಡಿಸಿದ ಕೈ ಅವರದು. ದಪ್ಪದ್ದು ಒಂದು ಕಡೆ, ಸಣ್ಣದು ಒಂದು ಕಡೆ, ಕಪ್ಪು ತಿರುಗಿದ್ದು ಇನ್ನೊಂದು ಕಡೆ. ಮಾತಾಡುತ್ತಲೇ, ನೋಡದೆಯೇ ರಾಶಿ ಮಾಡುತ್ತಿದ್ದರು. ಶನಿವಾರಗಳಂದು ಅವರು, ಅವರ ಹೆಂಡತಿ ಮಹದೇವಮ್ಮ, ನಾನು ಒಂದೇ ಆಟೋದಲ್ಲಿ ಮಾಲೇಕಲ್ಲು ತಿರುಪತಿ ಬೆಟ್ಟಕ್ಕೆ ಹೋಗುತ್ತೇವೆ.

ಹೋದ ಮಾಘದಲ್ಲಿ ಅವರು ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಕೆಳಗೆ ಕೂತು ನಮ್ಮ ಚಪ್ಪಲಿ ಕಾಯುತ್ತಿದ್ದರು.

"ಕಾಲು ನೋವಂತೆ. ಸಂತೆಗೋಗುವಾಗ ಇಲ್ದಿದ್ ನೋವು ದೇವ್ರ ತಾವ ಬತ್ತೈತೆ," ಎಂದು ಮಹದೇವಮ್ಮ ಚುಚ್ಚುತ್ತಿದ್ದರು.

ಶ್ರಾವಣದ ಮೊದಲ ಶನಿವಾರ ನಾನೂ ಕೆಳಗೇ ಕೂತೆ. ನಾನು ಕೇಳುವ ಮೊದಲೇ ಅವರು ಹೇಳತೊಡಗಿದರು.

ಮಂಡಿ ಬಿಟ್ಟ ಮೇಲೆ ಅವರು ಹಿರೇಕಲ್ಲು ಗುಡ್ಡದ ಬುಡದಲ್ಲಿ ಕೆಲಸಕ್ಕೆ ಸೇರಿದ್ದರು. ಕಾಡು ಹೊದ್ದ ಆ ಗುಡ್ಡಸಾಲಿನ ಕೆಳಗೆ ಏನಿದೆಯೆಂದು ತಿಳಿಯಲು ಒಂದು ತಂಡ ಅಲ್ಲಿ ನೆಲ ಕೊರೆಯುತ್ತಿತ್ತು. ಬೋರ್‌ವೆಲ್ಲಿನ ಹಾಗೆ ಪುಡಿಯಾಗಿ ಅಲ್ಲ, ಕಬ್ಬಿನ ಜಲ್ಲೆಯ ತುಂಡುಗಳಂತೆ ಕಲ್ಲು ಮೇಲೆ ಬರುತ್ತಿತ್ತು. ಬಂದ ತುಂಡುಗಳನ್ನು ಬಂದ ಸಾಲಿನಲ್ಲೇ ಮರದ ಪೆಟ್ಟಿಗೆಯಲ್ಲಿ ಜೋಡಿಸುವುದು ಗಂಗಯ್ಯನವರ ಕೆಲಸ. ಮೇಧಿನಿ ಎಂಬ ಸಂಶೋಧನಾ ವಿದ್ಯಾರ್ಥಿನಿ ಸಂಜೆ ಬಂದು ಒಂದೊಂದಕ್ಕೂ ನಂಬರ್ ಬರೆಯುತ್ತಿದ್ದಳು.

"ಇದು ಮುನ್ನೂರು ಕೋಟಿ ವರ್ಷದ ಕಲ್ಲು, ಗಂಗಯ್ಯನವ್ರೇ. ಯಾವ ಪದರದ ಮೇಲೆ ಯಾವುದು ಕೂತಿದೆ ಅನ್ನೋದೇ ಇದರ ಕಥೆ," ಎಂದಿದ್ದಳಂತೆ.

"ಅಷ್ಟು ವರ್ಷ ಕೂತ್ಕಂಡು ಎಣಿಸ್ದೋರು ಯಾರವ್ವ?" ಎಂದು ಇವರು ನಗಿಸಿದ್ದರು.

ಒಂದು ದಿನ ಅವಳು ದೇವಸ್ಥಾನದ ಬಳಪದ ಕಲ್ಲು ನೋಡಲು ಬೇಲೂರಿಗೆ ಹೋಗಿದ್ದಳು. ಮಧ್ಯಾಹ್ನ ಹದಿನೇಳನೆಯ ಪೆಟ್ಟಿಗೆಯನ್ನು ಶೆಡ್ಡಿಗೆ ಒಯ್ಯುವಾಗ ಅದು ಇವರ ಕೈಜಾರಿತು. ನಲವತ್ತೆರಡು ತುಂಡು ಚೆಲ್ಲಾಪಿಲ್ಲಿಯಾದವು. ಯಾವುದಕ್ಕೂ ಇನ್ನೂ ನಂಬರ್ ಬಿದ್ದಿರಲಿಲ್ಲ.

"ಎಲ್ಲಾ ಊಟಕ್ಕೋಗಿದ್ರು ಕಣಮ್ಮ, ಒಬ್ರೂ ನೋಡ್ಲಿಲ್ಲ. ಗಾಬ್ರಿಲಿ ಎತ್ತಿ ಜೋಡಿಸ್ದೆ. ಕೈ ತನ್ನ ಪಾಡಿಗೆ ಮಂಡಿ ಕೆಲಸ ಮಾಡ್ಬುಡ್ತು. ಕರೀದೆಲ್ಲ ಒಂದ್ ಕಡೆ, ಬಿಳೀದೆಲ್ಲ ಒಂದ್ ಕಡೆ. ನೋಡಾಕೂ ಚೆಂದಾಗಿತ್ತು."

ಸಂಜೆ ಮೇಧಿನಿ ಆ ಪೆಟ್ಟಿಗೆಯ ಮುಂದೆ ಕೂತವಳು ಏಳಲೇ ಇಲ್ಲ. ಇಷ್ಟು ದಪ್ಪದ ಕಪ್ಪು ಪದರ ಈ ಗುಡ್ಡಸಾಲಿನಲ್ಲಿ ಸಿಕ್ಕೇ ಇರಲಿಲ್ಲ ಎಂದು ಕುಣಿದಾಡಿದಳು. ಬೇಲೂರಿನಿಂದ ತಂದಿದ್ದ ಕುಂಕುಮದ ಪೊಟ್ಟಣವನ್ನು ಇವರ ಕೈಗಿಟ್ಟು, "ನೀವು ಜೋಪಾನವಾಗಿ ಜೋಡಿಸಿದ್ದಕ್ಕೇ ಸಿಕ್ಕಿದ್ದು," ಎಂದಳು.

ಗಂಗಯ್ಯನವರು ಜೇಬಿನಿಂದ ಪೊಟ್ಟಣ ತೆಗೆದು ತೋರಿಸಿದರು. ಆರು ತಿಂಗಳಿಂದ ಅದನ್ನು ಬಿಚ್ಚಿರಲಿಲ್ಲ, ಬೆಟ್ಟವನ್ನೂ ಹತ್ತಿರಲಿಲ್ಲ.

"ಮೊನ್ನೆ ಫೋನ್ ಮಾಡಿತ್ತು ಆ ಹುಡ್ಗಿ. ಬರ್ದಿದ್ದೆಲ್ಲ ಬರೋ ವಾರ ಒಪ್ಪಿಸ್ತದಂತೆ. ನನ್ನ ಹೆಸ್ರೂ ಹಾಕೈತಂತೆ ಅದ್ರಾಗೆ." ಪೊಟ್ಟಣವನ್ನು ಮತ್ತೆ ಜೇಬಿಗೆ ತುರುಕಿದರು. "ಸುಳ್ಳಿನ ಮೇಲೆ ನನ್ನ ಹೆಸ್ರು. ಈಗ ಹೇಳುದ್ರೆ ಅದ್ರ ಓದೇ ಕೆಡ್ತದೆ."

"ಅವಳ ನಂಬರ್ ಇದೆಯಾ?" ಎಂದೆ.

ಅಲ್ಲಿಂದಲೇ ಮಾಡಿದರು. ಹೇಳಿ ಮುಗಿಸಿದ ಮೇಲೆ ಆ ಕಡೆಯಿಂದ, "ಪೆಟ್ಟಿಗೆ ಶೆಡ್ಡಲ್ಲೇ ಇದೆ. ನಾಳೆ ಅಲ್ಲಿಗೆ ಬರ್ತೀನಿ," ಎಂದಷ್ಟೇ ಕೇಳಿಸಿತು.

ಒಬ್ಬರೇ ಹೋಗಲು ಅವರಿಗೆ ಧೈರ್ಯವಿರಲಿಲ್ಲ, ನಾನೂ ಹೋದೆ. ಮೇಧಿನಿ ನಗಲಿಲ್ಲ, ಕುಶಲ ಕೇಳಲಿಲ್ಲ. ತುಂಡುಗಳನ್ನೆಲ್ಲ ಗೋಣಿಚೀಲದ ಮೇಲೆ ಹರವಿದಳು. ಮುರಿದ ಬಾಯಿಗೆ ಮುರಿದ ಬಾಯಿ ಕೂಡಿದರೆ ಅವೆರಡೂ ನೆರೆಯವು. ಇಬ್ಬರೂ ಎದುರುಬದುರು ಕೂತು ಒಂದೊಂದನ್ನೇ ತಿರುಗಿಸಿ, ಕೂಡಿಸಿ ನೋಡಿದರು. ಗಂಗಯ್ಯನವರ ಬೆರಳಿಗೆ ಹೊಂದಿಕೆ ಬೇಗ ತಿಳಿಯುತ್ತಿತ್ತು. ಸಂಜೆಯ ಹೊತ್ತಿಗೆ ಆ ದಪ್ಪ ಕಪ್ಪು ಪದರ ಹನ್ನೊಂದು ತೆಳು ಎಳೆಗಳಾಗಿ ಬಿಳಿಯ ನಡುವೆ ಹಂಚಿಹೋಯಿತು.

ನಾಲ್ಕು ತುಂಡು ಉಳಿದವು. ಅವುಗಳ ಬಾಯಿ ಸವೆದಿತ್ತು.

"ಇವು ಎಲ್ಲಿದ್ವು?"

"ಗೊತ್ತಿಲ್ಲ ಕಣವ್ವ," ಎಂದರು. ಈ ಸಲ ಎಲ್ಲೂ ಇಡಲಿಲ್ಲ.

ಅವಳು ನಾಲ್ಕರ ಮೇಲೂ "ಜಾಗ ತಿಳಿಯದು" ಎಂದು ಬರೆದಳು. "ಆರು ತಿಂಗಳು ಬರೆದಿದ್ದು ಹೋಯ್ತು. ಅವತ್ತೇ ನಾನೂ ಕೂಡಿಸಿ ನೋಡ್ಬೇಕಿತ್ತು. ಆದ್ರೂ ನಿಮ್ಮ ಮೇಲೆ ಸಿಟ್ಟಿದೆ, ಗಂಗಯ್ಯನವ್ರೇ."

"ಇರ್ಲಿ ಕಣವ್ವ. ನನ್ನ ಹೆಸ್ರು ತೆಗೆದ್ಬುಡು."

"ತೆಗೀತೀನಿ," ಎಂದಳು.

ಮುಂದಿನ ಶನಿವಾರ ಅವರು ನಮ್ಮೊಡನೆ ಬೆಟ್ಟ ಹತ್ತಿದರು. ಗರ್ಭಗುಡಿಯ ಎದುರು ಎಲ್ಲರ ಹಿಂದೆ ನಿಂತು ಆ ಪೊಟ್ಟಣ ಬಿಚ್ಚಿ, ಮೊದಲು ನನಗೆ, ಆಮೇಲೆ ಹೆಂಡತಿಗೆ ಹಿಡಿದರು.

"ನೀವೂ ಇಟ್ಕಳ್ರಿ," ಎಂದರು ಮಹದೇವಮ್ಮ. ಅಷ್ಟರಲ್ಲಿ ಎಲ್ಲ ತಿಳಿದಿದ್ದ ಅವರ ದನಿಯಲ್ಲಿ ಹಿಂದಿನ ಮೊನಚಿರಲಿಲ್ಲ.

ಗಂಗಯ್ಯನವರು ಬೆರಳನ್ನು ಕುಂಕುಮದ ತನಕ ತಂದು ನಿಲ್ಲಿಸಿದರು.

"ಆ ನಾಕು ಕಲ್ಲು ಹಂಗೇ ಉಳ್ಕಂಡ್ವಲ್ಲೇ," ಎಂದು ಪೊಟ್ಟಣ ಮಡಿಸಿ ಮತ್ತೆ ಜೇಬಿಗಿಟ್ಟುಕೊಂಡರು.