ನಮ್ಮಣ್ಣಗ ಈಸ ಬರ್ತೈತ್ರಿ

"ನಿಮ್ಮೊಳಗ ಯಾರಿಗೆ ಈಸ ಬರ್ತೈತ್ರಿ?"

ದೋಣಿಯ ಹಗ್ಗ ಬಿಚ್ಚುವ ಮೊದಲು ಅಂಬಿಗ ಯಮನಪ್ಪ ಕೇಳಿದ. ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ತಂಗಿ ಕಸ್ತೂರಿ ಉತ್ತರ ಕೊಟ್ಟಳು. "ನಮ್ಮಣ್ಣಗ ಬರ್ತೈತ್ರಿ ಕಾಕಾ. ಸಣ್ಣಾವಿದ್ದಾಗ ತುಂಬಿದ ಹೊಳಿ ದಾಟ್ತಿದ್ದ."

ಯಮನಪ್ಪ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.

ನನಗೆ ಈಜು ಬರುವುದಿಲ್ಲ.

ಹೌದು, ಸರಿಯಾಗಿಯೇ ಓದಿದಿರಿ. ಪ್ರತಿ ವಾರ ಈ ಜಾಗದಲ್ಲಿ ನಿಮಗೆ ಬುದ್ಧಿ ಹೇಳುವ ಈ ಮನುಷ್ಯ (ಬೀಳಗಿಯಲ್ಲಿ ಪಂಕ್ಚರ್ ಅಂಗಡಿ, ಏಳನೆಯ ಇಯತ್ತೆಯವರೆಗೆ ಸಾಲಿ) ಹುಟ್ಟಿದ್ದು ಕೃಷ್ಣಾ ದಂಡೆಯ ಊರಿನಲ್ಲಿ. ಎಂಟನೆಯ ವಯಸ್ಸಿನಲ್ಲಿ ಈಜು ಕಲಿಸಲು ಬೆನ್ನಿಗೆ ಸೋರೆಬುರುಡೆ ಕಟ್ಟಿ ನನ್ನನ್ನು ಬಾವಿಗೆ ಇಳಿಸಿದ್ದರು. ಗಂಟು ಬಿಚ್ಚಿತು. ಕೆಳಗೆ ಹೋದೆ. ಯಾರೋ ಕೂದಲು ಹಿಡಿದು ಎಳೆದರು.

ಅಂದಿನಿಂದ ನಾನು ದಂಡೆಯ ಮೇಲೆ ಕೂತು ಗೆಳೆಯರ ಅಂಗಿ ಕಾಯುವವನು. "ನಮ್ಮ ಎಮ್ಮಿಗೂ ಬರ್ತೈತಲೇ, ನಿನಗ್ಯಾಕ ಬರೂದಿಲ್ಲ?" ಅಂತ ನಗುತ್ತಿದ್ದರು. ಮನೆಗೆ ಹೋಗುವಾಗ ಮಾತ್ರ ಬೊಗಸೆ ನೀರು ಸುರಿದುಕೊಂಡು ತಲೆ ಒದ್ದೆ ಮಾಡಿಕೊಳ್ಳುತ್ತಿದ್ದೆ. ಕಸ್ತೂರಿ ಬಾಗಿಲಲ್ಲೇ ಕೇಳುವಳು, "ಎಲ್ಲಿತನಾ ಹೋಗಿದ್ಯೋ ಅಣ್ಣಾ?" ನಾನು ಹೇಳುವೆ, "ಆಚಿ ದಂಡಿ ಮುಟ್ಟಿ ಬಂದೆ."

ಆ ಸಣ್ಣ ಹುಡುಗಿ ನಂಬಿದಳು. ಈಗ ಎರಡು ಮಕ್ಕಳ ತಾಯಿ. ನಂಬಿಕೊಂಡೇ ಇದ್ದಳು.

ನಾವು ಹುಟ್ಟಿದ ಆ ಊರು ಅಣೆಕಟ್ಟಿನಿಂದ ಮುಳುಗಡೆಯಾಗಿ ಈಗ ಅಲ್ಲಿ ಬರೀ ಹಿನ್ನೀರು. ದೀಪಾವಳಿ ಸೂಟಿಗೆ ಕಸ್ತೂರಿ ಮುಧೋಳದಿಂದ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ರೇಣುಕಾಗೆ ಹತ್ತು ವರ್ಷ, ಭಾಗ್ಯಾಗೆ ಆರು. "ನಮ್ಮ ಮನಿ ಇದ್ದ ಜಾಗಾ ಹುಡುಗ್ರಿಗೆ ಒಂದ್ಸಲ ತೋರಸೂಣು" ಅಂದಳು. ಮೀನು ಹಿಡಿಯುವ ಯಮನಪ್ಪನ ದೋಣಿಯನ್ನು ಎರಡು ತಾಸಿಗೆ ಬಾಡಿಗೆ ಹಿಡಿದೆ.

ಯಮನಪ್ಪನ ಪ್ರಶ್ನೆ ಬಾಯಿಮಾತಿಗೆ ಕೇಳಿದ್ದಲ್ಲ. ಅವನ ಕಟ್ಟುನಿಟ್ಟು ಹಾಗೆ. ದೋಣಿಯಲ್ಲಿ ಮಗು ಕೂತರೆ ಸೊಂಟಕ್ಕೆ ಗಾಳಿ ತುಂಬಿದ ಟ್ಯೂಬ್ ಇರಬೇಕು. ಇಲ್ಲವೇ ಪಕ್ಕದಲ್ಲಿ ಈಜು ಬಲ್ಲ ದೊಡ್ಡವರೊಬ್ಬರು ಇರಬೇಕು. ಅವನ ಹತ್ತಿರ ಇದ್ದದ್ದು ಒಂದೇ ಟ್ಯೂಬ್. ಅದನ್ನು ಭಾಗ್ಯಾಗೆ ಹಾಕಿದ. "ಈಸ ಬರೋರು ಇಲ್ಲಂದ್ರ ನಾಳಿ ಬರ್ರಿ, ಇನ್ನೊಂದು ಹುಡುಕಿ ಇಡ್ತೇನಿ" ಅಂದ.

ನಾಳೆ ಯಾಕೆ? ನನ್ನ ಅಂಗಡಿಯ ಗೋಡೆಯ ತುಂಬ ಟ್ಯೂಬ್ ನೇತಾಡುತ್ತವೆ! ಒಂದು ತಾಸಿನಲ್ಲಿ ಹೋಗಿ ತರಬಹುದಿತ್ತು. ಆದರೆ ತುಂಬಿದ ಹೊಳೆ ದಾಟುವ ಅಣ್ಣ ಟ್ಯೂಬ್ ತರಲು ಓಡುವುದುಂಟೇ?

ದೋಣಿ ದಂಡೆ ಬಿಟ್ಟಿತು. ರೇಣುಕಾ ನನಗೆ ಒತ್ತಿಕೊಂಡು ಕೂತಿದ್ದಳು. "ಮಾಮಾ, ಇಷ್ಟೂ ನೀರು ನೀ ಈಸ್ತಿದ್ದ್ಯಾ?" "ಹೂಂ" ಅಂದೆ. ನೀರು ಕಪ್ಪಗಿತ್ತು. ತಳ ಕಾಣುತ್ತಿರಲಿಲ್ಲ.

ಯಮನಪ್ಪ ಮುಳುಗಿದ ಊರನ್ನು ಬಳಸಿಕೊಂಡು ದೂರದಿಂದಲೇ ಹೊರಟಿದ್ದ. "ಊರ ಮ್ಯಾಲ ಒಯ್ಯಾಂಗಿಲ್ರಿ. ತೆಳಗ ಗ್ವಾಡಿ, ಗಿಡ, ಲೈಟಿನ ಕಂಬ ಹಂಗ ನಿಂತಾವು."

ಕಸ್ತೂರಿ ಬಿಡಲಿಲ್ಲ. "ಅಲ್ಲೇ ಐತ್ರಿ ಕಾಕಾ. ಆ ಬೇವಿನ ತುದಿ ಕಾಣ್ತೈತಲ್ಲ, ಅದರ ಹಿಂದ ನಮ್ಮನಿ. ಒಂದ್ಸಲ, ಅಷ್ಟ."

ಅವನು ನನ್ನ ಕಡೆ ತಿರುಗಿದ. "ಏನಂತೀರಿ? ಹುಡುಗಿ ನಿಮ್ಮ ಜೋಡಿ ಐತಿ. ಸಂಭಾಳಸ್ತೀರಿ?"

ಇದು ಎರಡನೆಯ ಅವಕಾಶ. ಎಷ್ಟು ಜನರಿಗೆ ಎರಡನೆಯ ಅವಕಾಶ ಸಿಗುತ್ತದೆ? "ಒಯ್ಯಿ" ಅಂದೆ. ಧ್ವನಿ ನಡುಗಬಾರದು ಅಂತ ಒಂದೇ ಶಬ್ದ.

ಬೇವಿನ ತುದಿ ಇನ್ನೂ ನಾಲ್ಕು ಮಾರು ದೂರವಿತ್ತು. ತಳದಲ್ಲಿ ಕರ್ರ್ ಎಂದು ಏನೋ ತರಚಿತು. ದೋಣಿ ಒಂದು ಮಗ್ಗುಲಿಗೆ ವಾಲಿತು. ನನ್ನ ಪಕ್ಕ ಖಾಲಿಯಾಗಿತ್ತು.

ಕೂಗು ಕೂಡ ಕೇಳಲಿಲ್ಲ. ನೀರಿನಲ್ಲಿ ರೇಣುಕಾಳ ಜಡೆಯ ಕೆಂಪು ರಿಬ್ಬನ್ ಕಂಡಿತು. ಆಮೇಲೆ ಬರೀ ಗುಳ್ಳೆ.

"ಜಿಗೀರಿ!" ಯಮನಪ್ಪ ಚೀರಿದ. ಅವನು ಗಳ ಊರಿ ದೋಣಿ ಮಗುಚದಂತೆ ಹಿಡಿದಿದ್ದ. ಬಿಟ್ಟರೆ ಎಲ್ಲರೂ ನೀರುಪಾಲು. "ಏ, ಜಿಗೀರಲ್ಲಾ! ಏನ್ ನೋಡಾಕತ್ತೀರಿ?"

"ಅಣ್ಣಾ!" ಕಸ್ತೂರಿ.

ನಾನು ಏನು ಮಾಡುತ್ತಿದ್ದೆ ಗೊತ್ತೇ? ಭಾಗ್ಯಾಳ ಟ್ಯೂಬನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದೆ. ಆರು ವರ್ಷದ ಕೂಸಿನ ಟ್ಯೂಬ್! "ಮಾಮಾ, ಬಿಡು, ನೋಯಾಕತ್ತೈತಿ" ಅಂತ ಅವಳು ಅಳುತ್ತಿದ್ದಳು. ನಾನು ಬಿಡಲಿಲ್ಲ.

ಯಮನಪ್ಪ ಕಾಲಿನಿಂದ ದೋಣಿಯನ್ನು ಒತ್ತಿ ಹಿಡಿದು, ಗಳ ಕಿತ್ತು ಗುಳ್ಳೆಯ ಕಡೆ ಚಾಚಿದ. ಒಂದು ಪುಟ್ಟ ಕೈ ಮೇಲೆ ಬಂತು. ಗಳಕ್ಕೆ ತಾಗಿತು. ಜಾರಿತು. ಮತ್ತೆ ಹಿಡಿಯಿತು. ಕಸ್ತೂರಿ ಬೋರಲು ಬಿದ್ದು ಮಗಳ ಜಡೆ ಹಿಡಿದು ಎಳೆದಳು. ರೇಣುಕಾ ನೀರು ಕಾರಿದಳು, ಕೆಮ್ಮಿದಳು, ಅತ್ತಳು. ಅಷ್ಟು ಚೆಂದದ ಅಳುವನ್ನು ನಾನು ಕೇಳಿಲ್ಲ.

ದಂಡೆಗೆ ಬಂದ ಮೇಲೆ ಯಮನಪ್ಪ ನನ್ನನ್ನು ಬದಿಗೆ ಕರೆದ. ತಂಗಿಗೆ ಕೇಳಿಸದಂತೆ ಹೇಳಿದ, "ಬರೂದಿಲ್ಲ ಅಂದಿದ್ರ ನಾ ಏನ್ ನಗ್ತಿದ್ದೆನ್ರಿ?"

ಮನೆಯಲ್ಲಿ ಕಸ್ತೂರಿ ಬೇರೆಯೇ ಕತೆ ಹೇಳಿದಳು. "ಅಣ್ಣ ಭಾಗ್ಯಾನ್ನ ಗಟ್ಟಿ ಹಿಡದಿದ್ದಕ್ಕ ಅಕಿ ಉಳದ್ಲು. ಇಲ್ಲಂದ್ರ ಎರಡೂ ಹೋಗ್ತಿದ್ದೂ." ನನ್ನ ಹೆಂಡತಿ ನನಗೆ ಮೊದಲು ಚಹಾ ಕೊಟ್ಟಳು. ನಾನು ಕುಡಿದೆ.

ದೋಣಿ ಬಾಡಿಗೆಗೆ ಹಿಡಿಯುವಾಗ ನಾವು ನೂರು ಪ್ರಶ್ನೆ ಕೇಳುತ್ತೇವೆ. ಸೋರುವುದಿಲ್ಲ ತಾನೇ? ಎಷ್ಟು ಮಂದಿ ಕೂರಬಹುದು? ಗಾಳಿ ಎದ್ದರೆ? ಕೇಳಲೇಬೇಕು. ಆದರೆ ಅಂಬಿಗ ತಿರುಗಿ ನಮ್ಮನ್ನೇ ಒಂದು ಪ್ರಶ್ನೆ ಕೇಳಿದರೆ ನಮಗೆ ಅವಮಾನ! ಯಮನಪ್ಪನ ದೋಣಿ ಗಟ್ಟಿಯಾಗಿತ್ತು. ಯಮನಪ್ಪನೂ ಗಟ್ಟಿಯಾಗಿದ್ದ. ಟೊಳ್ಳು ಇದ್ದದ್ದು ಬಾಡಿಗೆಗೆ ಹಿಡಿದವನು.

ಅಂಗಡಿಯಲ್ಲಿ ಈಗ ನನಗೆ ಕೆಲಸ ಆಗುತ್ತಿಲ್ಲ. ಪಂಕ್ಚರ್ ಹುಡುಕಲು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದುತ್ತೇನೆ. ಗುಳ್ಳೆ ಏಳುತ್ತದೆ. ಕೈ ಹಿಂದಕ್ಕೆ ಎಳೆದುಕೊಳ್ಳುತ್ತೇನೆ. ಗಿರಾಕಿ ನಗುತ್ತಾನೆ.

ಈ ಸೋಮವಾರ ಕಸ್ತೂರಿಯ ಇನ್‌ಲ್ಯಾಂಡ್ ಲೆಟರ್ ಬಂತು. "ಅಣ್ಣಾ, ಬ್ಯಾಸಗಿ ಸೂಟಿಗೆ ಇಬ್ಬರನ್ನೂ ನಿನ್ನ ಹಂತೇಕ ಕಳಸ್ತೀನಿ. ರೇಣುಕಾ ನೀರು ಕಂಡ್ರ ಅಂಜಾಕತ್ತಾಳ. ನೀನ ನೀರಾಗ ಇಳಿದು ಅಕಿಗೆ ಈಸ ಕಲಸು. ಬ್ಯಾರೆ ಯಾರ ಕೈಯಾಗೂ ನಾ ಕೊಡಾಂಗಿಲ್ಲ."

ಮತ್ತೊಮ್ಮೆ ಸುಮ್ಮನಿದ್ದರೆ, ಆ ಹುಡುಗಿ ನನ್ನನ್ನು ನಂಬಿ ನೀರಿಗೆ ಇಳಿಯುತ್ತಾಳೆ. ಆಗ ಯಾರೂ ಗಳ ಚಾಚುವುದಿಲ್ಲ.

ಉತ್ತರ ಬರೆಯಲು ನಾಲ್ಕು ಸಲ ಕೂತೆ. "ಎಲ್ಲರೂ ಕ್ಷೇಮ" ಎಂಬಲ್ಲಿಗೆ ನಿಂತೆ. ಈ ಪತ್ರಿಕೆ ಮುಧೋಳದಲ್ಲಿ ಅವಳ ಮನೆಗೆ ಹೋಗುತ್ತದೆ. ನನ್ನ ಬರಹವನ್ನು ಓಣಿಯ ಹೆಂಗಸರಿಗೆಲ್ಲ ಓದಿ ಹೇಳುತ್ತಾಳಂತೆ. (ಈ ವಾರ ಒಬ್ಬಳೇ ಓದು, ತಂಗೀ.)

ಕಸ್ತೂರಿ, ಇದನ್ನು ಓದಿದ ಮೇಲೂ ಮಕ್ಕಳನ್ನು ನನ್ನ ಮನೆಗೆ ಕಳಿಸುತ್ತೀಯಾ?