ರೊಟ್ಟಿ ತೆಗೆದು ವೃತ್ತ ಹಾಕಿದ ಕತೆ

ಕಳೆದ ತಿಂಗಳು ನಾನು ಹೊಟ್ಟೆಬಾಕನ ಪಾರ್ಟು ಮಾಡಿದೆ. ಆರಿಸಿದವಳು ನನ್ನ ಹೆಂಡತಿ. ಮೇಕಪ್ ಬೇಡವೇ ಎಂದು ಕೇಳಿದ್ದಕ್ಕೆ, ಇರುವ ಹೊಟ್ಟೆಯೇ ಸಾಕು ಎಂದಳು.

ಅವಳು ಇರಕಲ್ಲಗಡದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಐದನೇ ತರಗತಿಯ ಟೀಚರ್. (ಮಕ್ಕಳ ಬಾಯಲ್ಲಿ ಅಕ್ಕೋರು.) ಭಿನ್ನರಾಶಿ ಪಾಠ ಬಂತೆಂದರೆ ಅವಳಿಗೆ ತಲೆನೋವು. ಎರಡಕ್ಕಿಂತ ಎಂಟು ದೊಡ್ಡದಲ್ಲವೇ? ಹಾಗಾದರೆ ಅರ್ಧಕ್ಕಿಂತ ಎಂಟರಲ್ಲಿ ಒಂದು ದೊಡ್ಡದು. ಇದು ಮಕ್ಕಳ ವಾದ. ಬೋರ್ಡಿನ ಮೇಲೆ ಎಷ್ಟು ಗೆರೆ ಎಳೆದರೂ ಜಗ್ಗುತ್ತಿರಲಿಲ್ಲ.

ಅದಕ್ಕೇ ಒಂದು ನಿಮಿಷದ ವಿಡಿಯೋ. ತಟ್ಟೆಯಲ್ಲಿ ಒಂದು ಜೋಳದ ರೊಟ್ಟಿ, ಪಕ್ಕದಲ್ಲಿ ಶೇಂಗಾ ಚಟ್ನಿ. ಎರಡರಲ್ಲಿ ಒಂದು ಪಾಲು ಬೇಕೋ, ಎಂಟರಲ್ಲಿ ಒಂದು ಬೇಕೋ ಎಂದು ಹೆಂಡತಿ ಕೇಳುತ್ತಾಳೆ.

"ಎಂಟ ದೊಡ್ಡದೈತಿ, ನನಗ ಎಂಟರಾಗಿಂದ ಕೊಡು," ಎಂದು ನಾನು ಗುಡುಗುತ್ತೇನೆ. ಕೈಗೆ ಬರುವುದು ಒಂದು ಚೂರು. ಎದುರಿಗೆ ಕುಳಿತ ನನ್ನ ಮಗಳು ಅರ್ಧ ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ತಿನ್ನುವುದನ್ನು ಬಾಯಿ ಬಿಟ್ಟು ನೋಡುತ್ತೇನೆ.

ತರಗತಿಯಲ್ಲಿ ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ಮರುದಿನ ಒಬ್ಬರೂ ಲೆಕ್ಕ ತಪ್ಪಲಿಲ್ಲ. ಹೆಂಡತಿಯ ಮುಖದಲ್ಲಿ ಅಂಥ ಗೆಲುವನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ.

ಅಲ್ಲಿಗೆ ನಿಲ್ಲಬೇಕಿತ್ತು. ವಿಡಿಯೋ ಗ್ರೂಪಿನಿಂದ ಗ್ರೂಪಿಗೆ ಹಾರಿ ಮೇಲಿನವರ ಮೊಬೈಲಿಗೂ ಬಂತು. ಎಲ್ಲ ಶಾಲೆಗಳಲ್ಲೂ ತೋರಿಸೋಣ ಎಂದರು. ಅದಕ್ಕೂ ಮೊದಲು ಪರಿಶೀಲನೆಗೆ ಒಂದು ಸಮಿತಿ. (ನಾಲ್ಕು ಜನ. ನಾಲ್ವರೂ ನಗಲಿಲ್ಲವಂತೆ.) ಭಾಷೆ ಗ್ರಾಮ್ಯವಾಯಿತು ಎಂದರು ಒಬ್ಬರು. ಹೊಟ್ಟೆಬಾಕತನ ಮಕ್ಕಳಿಗೆ ಒಳ್ಳೆಯ ಮಾದರಿಯಲ್ಲ ಎಂದರು ಇನ್ನೊಬ್ಬರು. ರೊಟ್ಟಿಯ ಅಂಚು ಸೊಟ್ಟಗಿದೆ, ಶುದ್ಧ ವೃತ್ತ ಹಾಕಿ ಎಂದರು ಗಣಿತ ಬಲ್ಲವರು.

ರೊಟ್ಟಿ ಹೋಯಿತು, ಚಟ್ನಿ ಹೋಯಿತು, ನಾನೂ ಹೋದೆ. ಉಳಿದದ್ದು ಒಂದು ವೃತ್ತ. ಹಿಂದಿನಿಂದ ಒಂದು ದನಿ, "ದಯವಿಟ್ಟು ನನಗೆ ಎಂಟನೆಯ ಒಂದು ಭಾಗವನ್ನು ನೀಡಿ" ಎನ್ನುತ್ತದೆ. ಹೆಸರು ಮಾತ್ರ ಈಗಲೂ ಹಾಸ್ಯ ವಿಡಿಯೋ! ಹಳೆಯದನ್ನು ಅಳಿಸಿಹಾಕಬೇಕೆಂದು ಆದೇಶವೂ ಬಂತು.

ವೃತ್ತ ನೋಡಿ ನಗುವುದು ಹೇಗೆ? ಹೆಡ್ ಮಾಸ್ತರರು ದಾರಿ ಹುಡುಕಿದರು. ಇಲಾಖೆಯ ಸಾಹೇಬರು ಪಾಠ ನೋಡಲು ಬಂದಾಗ ತಾವು ಕೈ ಎತ್ತಿದ ಕೂಡಲೇ ಮಕ್ಕಳು ನಗಬೇಕು ಎಂದರು. ಮೂರು ದಿನ ನಗುವ ಪ್ರಾಕ್ಟೀಸ್ ನಡೆಯಿತು.

ಸಾಹೇಬರು ಬಂದರು. ನಾನೂ ಹೋಗಿದ್ದೆ (ಎಷ್ಟಾದರೂ ಮಾಜಿ ನಟ). ಟಿವಿ ಹಚ್ಚುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಸ್ವಿಚ್ ನೋಡಿ ಎನ್ನಲು ಹೆಡ್ ಮಾಸ್ತರರು ಗಾಬರಿಯಲ್ಲಿ ಕೈ ಎತ್ತಿದರು. ಇಡೀ ತರಗತಿ ಘೊಳ್ಳೆಂದು ನಕ್ಕಿತು. ಕಪ್ಪು ಪರದೆಗೇ ಇಷ್ಟು ನಗುವ ಮಕ್ಕಳನ್ನು ಕಂಡು ಸಾಹೇಬರಿಗೆ ಖುಷಿಯೋ ಖುಷಿ.

ಆ ಖುಷಿಯಲ್ಲೇ ಮುಂದಿನ ಸಾಲಿನ ಗೌಸಿಯಾಳನ್ನು ಎಬ್ಬಿಸಿದರು. ಅಳವಂಡಿಯಿಂದ ಮೊನ್ನೆ ಮೊನ್ನೆ ಬಂದು ಸೇರಿದ ಹುಡುಗಿ. ಪ್ರಾಕ್ಟೀಸಿನಲ್ಲಿ ಅವಳು ಕಂಡಿದ್ದು ವೃತ್ತವನ್ನು ಮಾತ್ರ. ಅರ್ಧ ದೊಡ್ಡದೋ, ಎಂಟರಲ್ಲಿ ಒಂದು ದೊಡ್ಡದೋ ಎಂದು ಸಾಹೇಬರು ಕೇಳಿದರು.

"ಎಂಟರಾಗ ಒಂದ್ರಿ," ಎಂದಳು, ಗಟ್ಟಿಯಾಗಿ.

ಸಾಹೇಬರು ಶಹಬ್ಬಾಸ್ ಎಂದರು. ಜೇಬಿನ ಪೆನ್ನು ತೆಗೆದು ಬಹುಮಾನ ಕೊಟ್ಟರು. ಉಳಿದ ಮಕ್ಕಳಿಗೆ ಸರಿ ಉತ್ತರ ಗೊತ್ತಿತ್ತು, ಆದರೆ ಅವರು ಹೆಡ್ ಮಾಸ್ತರರ ಕೈಯನ್ನೇ ನೋಡುತ್ತ ಕುಳಿತಿದ್ದರು. ಮಕ್ಕಳು ಧೈರ್ಯವಾಗಿ ಉತ್ತರಿಸುತ್ತಾರೆ ಎಂದು ಶಾಲೆಯ ಭೇಟಿ ಪುಸ್ತಕದಲ್ಲಿ ಬರೆದು ಸಾಹೇಬರು ಹೊರಟರು.

ಹೆಂಡತಿಯೂ ನಾನೂ ಬೈಕಿನಲ್ಲಿ ಕೊಪ್ಪಳದ ಮನೆಗೆ ಬಂದು ಇಳಿದೆವು. ನಾಳೆ ಆ ಹುಡುಗಿಯನ್ನು ಬೇರೆಯಾಗಿ ಕೂಡಿಸಿಕೊಂಡು ಹೇಳಿಕೊಟ್ಟರಾಯಿತು ಎಂದೆ.

"ಹೆಂಗ್ ಹೇಳ್ಲಿರಿ? ಆ ಪೆನ್ನ ಹಿಡ್ಕೊಂಡು ಮನಿತನಕ ಓಡಿಹೋಗ್ಯಾಳ. ನಾಳೆ ತಪ್ಪು ಅಂದ್ರ ಯಾರ ಮಾತ ನಂಬ್ತಾಳ, ನಂದೋ ಸಾಹೇಬ್ರದೋ?"

ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತ್ತು. ನೀವೇ ಹೇಳಿ, ಸಾಹೇಬರು ಶಹಬ್ಬಾಸ್ ಎಂದ ಮೇಲೆ ಗಣಿತದ ಮಾತು ಯಾರು ಕೇಳುತ್ತಾರೆ?